ಕಡವಿನಲ್ಲಿ ಹಾಸಿದ ಬಸಿರುಪಟ್ಟಿ

ಚೆಪೊತಿಪಿನ್‌ಳ ಅಜ್ಜ ಅರೆಕ್ವೆನ್ ಮೂರು ದಿನ ಬರಿಗಾಲಲ್ಲಿ ನಡೆದು ನಮ್ಮ ಹಗೆಗಳಾದ ತುರ್ಕಾನರ ಹಟ್ಟಿಗೆ ನುಗ್ಗಿ ಎಪ್ಪತ್ತು ಒಂಟೆ ಹೊಡೆದುಕೊಂಡು ಬಂದವನು. ಅಪ್ಪ ಲಿಮಾಕೌ ಅದೇ ಕೆಲಸಕ್ಕೆ ಹೋಗಿ ಒಂದು ಕಣ್ಣು ಕೊಟ್ಟು ಬಂದ. ಅಜ್ಜಿ ಚೆಪ್ಕೊಪುಸ್ ಮಾತ್ರ ಬೇರೆ ಗುಣದವಳು. ನಮ್ಮ ಪೊಕೋಟರಲ್ಲೇ ಎರಡು ಕುಲ ಈಟಿ ಹಿಡಿದು ನಿಂತಾಗ, ನಡುವೆ ನುಗ್ಗಿ ತನ್ನ ಬಸಿರುಪಟ್ಟಿ ಬಿಚ್ಚಿ ನೆಲಕ್ಕೆ ಹಾಸಿದಳು. ಹೆತ್ತವಳ ಹೊಟ್ಟೆ ಬಿಗಿದ ಆ ಕವಡೆಯ ಚರ್ಮ ದಾಟಿದವನ ವಂಶ ಉಳಿಯುವುದಿಲ್ಲ. ಎರಡೂ ಕಡೆಯವರು ಮನೆಗೆ ಹೋದರು.

ಮೊಮ್ಮಗಳು ಚೆಪೊತಿಪಿನ್ ಆ ಹಟವನ್ನು ಹೊತ್ತು ಹನ್ನೆರಡು ವರ್ಷ ಹಟ್ಟಿ ಹಟ್ಟಿ ಅಲೆದಳು. ಮಗ ದನ ಹೊಡೆಯಲು ಹೋದರೆ, ಅವನು ಬರುವವರೆಗೂ ತಾಯಿ ಪಟ್ಟಿ ಬಿಗಿದು ಕಾಯುವುದು ನಮ್ಮ ರೂಢಿ; ಅದೇ ಅವನಿಗೆ ರಕ್ಷೆ. ಅದನ್ನು ಬಿಡಿಸಲು ಹೊರಟಿದ್ದಳು.

"ಕಟ್ಟಬೇಡ್ರೇ. ನೀವು ಕಟ್ಟೋದಕ್ಕೇ ಹೈಕ್ಳು ಮೆರೀತಾವೆ."

"ಮಗಳನ್ನ ತುರ್ಕಾನದೋನಿಗೆ ಕೊಟ್ಟೋಳು ಇನ್ನೇನು ಹೇಳ್ತಾಳೆ!" ಎಂದು ನನ್ನ ಹೆಂಡತಿಯೇ ನಕ್ಕಿದ್ದಳು.

"ಹೂಂ ಕಣೇ, ಅಲ್ಲಿರೋದೂ ನಾನು ಹೆತ್ತಿದ್ದೇ. ನಗು."

ಹೋದ ಬೇಸಿಗೆಯಲ್ಲಿ ಸುದ್ದಿ ಬಂತು. ಹೊಳೆಯಾಚೆ ಚೆಪೊತಿಪಿನ್‌ಳ ಮಗಳು ಚೆಪ್ಸಿಯಾ ಇರುವ ಹಟ್ಟಿಗೇ ಮಾರನೆಯ ದಿನ ದಾಳಿ. ಮುಂದಾಳು ಚೆಪ್ಸಿಯಾಳ ತಮ್ಮನೇ, ದೊಮೊಂಗೋರ್. ಹೊತ್ತು ಹುಟ್ಟುವಾಗಲೇ ಚೆಪೊತಿಪಿನ್ ಹೊಳೆ ದಾಟುವ ಕಡವಿಗೆ ಹೋಗಿ, ಪಟ್ಟಿ ಹಾಸಿ, ಪಕ್ಕದಲ್ಲಿ ಕೂತಳು. ನೆರೆಗುಡಿಸಲಿನ ಮುದುಕ ನಾನೂ ಜೊತೆಗಿದ್ದೆ. ಇಪ್ಪತ್ತು ಜನ ಕೋವಿ ಹೊತ್ತು ಬಂದವರು ಪಟ್ಟಿ ಕಂಡು ನಿಂತರು.

"ಎತ್ಕೊಳವ್ವ," ಅಂದ ದೊಮೊಂಗೋರ್.

"ದಾಟು, ನೋಡೋಣ."

"ಬಿಸಿಲು ಏರ್ತದೆ. ತಲೆ ತಿರುಗ್ತದೆ ನಿಂಗೆ."

"ನಿನ್ನ ಹೆತ್ತ ದಿನ ಇದಕ್ಕಿಂತ ಬಿಸಿಲಿತ್ತು ಕಣ್ಲಾ."

ಅವರೆಲ್ಲ ಜಾಲಿಯ ನೆರಳಲ್ಲಿ ಕೂತರು. ಮಗ ನಮ್ಮವರು ಕುಡಿಯುವ ಬೂದಿ ಬೆರೆಸಿದ ಹಾಲು ತಂದುಕೊಟ್ಟ, ಕುಡಿದಳು. ಒಬ್ಬನೂ ಪಟ್ಟಿಯ ಕಡೆಗೆ ಕಾಲು ಚಾಚಲಿಲ್ಲ.

"ನೋಡಿದ್ಯಾ ಮುದುಕಪ್ಪಾ, ಇನ್ನೂ ಬೆಲೆ ಐತೆ," ಅಂದಳು ನನಗೆ.

ನನಗೂ ಎದೆ ಉಬ್ಬಿತು. ಹೊಡೆದ ದನ ತರಲು ನಮ್ಮ ಕಾಲದಲ್ಲಿ ಕಡವು ಬಿಟ್ಟರೆ ದಾರಿಯಿರಲಿಲ್ಲ. ಅದರಾಚೆ ನಮ್ಮಿಬ್ಬರ ತಲೆ ಓಡಲಿಲ್ಲ.

ಮಧ್ಯಾಹ್ನ ಫೋನ್ ಬಂತು. ದೊಮೊಂಗೋರ್ ಎದ್ದು ಬಟ್ಟೆಯ ಮಣ್ಣು ಕೊಡವಿ, "ಆಯ್ತು, ನಡೀರ್ಲಾ," ಎಂದ. ಉಳಿದವರು ಬೆಳಿಗ್ಗೆಯೇ ಲಾರಿಗಳಲ್ಲಿ ಹೊಸ ಸೇತುವೆ ದಾಟಿ ಹೋಗಿ ಕೆಲಸ ಮುಗಿಸಿದ್ದರು. ತಾಯಿ ಪಟ್ಟಿ ಹಿಡಿದು ಸೇತುವೆಗೆ ಹೋಗದಿರಲೆಂದು ಇವರು ಇಲ್ಲಿ ಕೂತಿದ್ದರು.

"ನಿನ್ನಕ್ಕ?" ಎಂದಳು.

"ಹೆಂಗಸರನ್ನ ಮುಟ್ಟಬೇಡಿ ಅಂದಿದ್ದೆ ಕಣವ್ವ."

ಮತ್ತೆ ಫೋನ್ ಮಾಡಿದ. ಗುಡಿಸಲಿಗೆ ಬೆಂಕಿ ಬಿದ್ದಾಗ ಚೆಪ್ಸಿಯಾ ಒಳಗೇ ಇದ್ದಳಂತೆ, ಹೊರಗೆ ಬರಲೇ ಇಲ್ಲವಂತೆ.

ಚೆಪೊತಿಪಿನ್ ಅಳಲಿಲ್ಲ. ಎದ್ದವಳೇ ಹೊಳೆಗಿಳಿದಳು. ಮಗ ಓಡಿಹೋಗಿ ರಟ್ಟೆ ಹಿಡಿದ.

"ಒಬ್ಳೇ ಹೋದ್ರೆ ಕೊಂದ್ಹಾಕ್ತಾರೆ. ತಡಿಯವ್ವಾ, ಕೋವಿ ಹಿಡ್ದು ನಾನೂ ಬರ್ತೀನಿ."

"ನೀನು ಬರಬೇಡ. ನೀನಿದ್ರೆ ಅವಳನ್ನ ಮುಟ್ಟೋಕೆ ಅವರು ಬಿಡಾಕಿಲ್ಲ. ಕೈ ಬಿಡು. ನೀರು ಮೊಣಕಾಲುದ್ದ ಐತೆ, ದಾಟ್ಕೋತೀನಿ."