ಬಾಯಿ ಬಿಟ್ಟು ಹಾಡದವರು

ಲೋ-ಫೈ ಎಂಬ ಹೆಸರಿನಲ್ಲಿ ನಡೆಯುತ್ತಿರುವುದು ಸಂಗೀತವಲ್ಲ, ಸೋಮಾರಿತನ. ಇದನ್ನು ನಾನು ಮನೆಯಲ್ಲಿ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದೆ. ಯಾರೋ ಒಬ್ಬ ಮಹಾನುಭಾವ ಕಂಪ್ಯೂಟರ್ ಮುಂದೆ ಕೂತು, ಹಳೆಯ ಬಂಗಾಳಿ ಸಿನಿಮಾ ಹಾಡೊಂದನ್ನು ಎತ್ತಿಕೊಂಡು, ಅದರ ವೇಗ ಇಳಿಸಿ, ಪಿಸುದನಿಯಲ್ಲಿ ತಾನೇ ಹಾಡಿ, ಹಿಂದೆ ಮಳೆಯ ಸದ್ದು ಸೇರಿಸುತ್ತಾನೆ. ಮೇಲಿಂದ ಗೀರು ಬಿದ್ದ ರೆಕಾರ್ಡಿನ ಕರಕರ. ಆ ಕರಕರ ಹೋಗಲೆಂದು ನಮ್ಮಪ್ಪ ಹಳೆ ಬನಿಯನ್ನಿನಿಂದ ರೆಕಾರ್ಡು ಒರೆಸುತ್ತಿದ್ದರು. ಇವರು ಬೇಕೆಂದೇ ಹಾಕುತ್ತಾರೆ. ಅನ್ನವನ್ನು ಎರಡನೇ ಸಲ ಬೇಯಿಸಿದ ಹಾಗೆ, ಹಲ್ಲಿಗೆ ಏನೂ ಸಿಗುವುದಿಲ್ಲ.

ನನಗೆ ಬಂಗಾಳಿ ಬರುವುದಿಲ್ಲ. ಆದರೆ ಈ ಅರಬ್ ನಾಡಿನಲ್ಲಿ, ಮೆಸಯೀದ್‌ನ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿನಲ್ಲಿ, ಪಕ್ಕದ ಸೀಟಿನ ಬಂಗಾಳಿ ವೆಲ್ಡರನ ಮೊಬೈಲಿನಿಂದ, ಆ ಭಾಷೆಯ ಹಳೆಯ ಹಿನ್ನೆಲೆ ಗಾಯಕರನ್ನು ವರ್ಷಗಟ್ಟಲೆ ಕೇಳಿದ್ದೇನೆ. ಅವರದು ಎದೆಯಿಂದ ಬರುವ ದನಿ. ನಾನೂ ಹಾಗೆ ಹಾಡುವವನೇ. ನಮ್ಮ ಊರಿನವರ ಸಂಘದ ಕಾರ್ಯಕ್ರಮಗಳಲ್ಲಿ ನಾನು ಹಾಡುವಾಗ ಮೈಕ್ ಬೇಡವೆಂದು ಜನ ತಮಾಷೆ ಮಾಡುವುದುಂಟು. ಅದನ್ನು ಹೊಗಳಿಕೆಯೆಂದೇ ಹಿಡಿದಿದ್ದೇನೆ.

ಹತ್ತನೇ ಕ್ಲಾಸಿನ ಮಗಳಿಗೆ ಈ ಲೋ-ಫೈ ಚಟ ಹತ್ತಿಸಿದವಳು ಅವಳ ಬಂಗಾಳಿ ಗೆಳತಿ. ನಾನು ನೈಟ್ ಶಿಫ್ಟ್ ಮುಗಿಸಿ ಬಂದು, ಮಲಗಿ, ಸಂಜೆ ಏಳುವ ಹೊತ್ತಿಗೆ ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ಹಾಡುತ್ತಿದ್ದಾಳೋ ಜಪ ಮಾಡುತ್ತಿದ್ದಾಳೋ ತಿಳಿಯುತ್ತಿರಲಿಲ್ಲ.

ಸಂಘದ ಮಕ್ಕಳ ಕಾರ್ಯಕ್ರಮದಲ್ಲಿ ಅವಳು ಹಾಡುತ್ತಾಳೆಂದು ಎಲ್ಲರಿಗೂ ನಾನೇ ಡಂಗುರ ಸಾರಿದ್ದೆ. ನನ್ನ ನಂತರ ಆ ವೇದಿಕೆಯಲ್ಲಿ ನನ್ನ ಮಗಳೇ ನಿಲ್ಲಬೇಕೆಂಬ ಆಸೆ ನನಗಿತ್ತು. ಅವಳು ಬಂಗಾಳಿ ಸಿನಿಮಾ ಹಾಡೊಂದನ್ನು ಶುರು ಮಾಡಿದಳು. ಹಿಂದಿನ ಸಾಲಿನವರು ಮೈಕ್ ಕೆಟ್ಟಿದೆ ಎಂದುಕೊಂಡರು. ಕಾರ್ಯದರ್ಶಿಯವರು ಎದ್ದು ಹೋಗಿ ವಯರ್ ಅಲ್ಲಾಡಿಸಿದರು. ಕೆಟ್ಟಿದ್ದು ಮೈಕ್ ಅಲ್ಲ. ನನ್ನ ಮಾನ ಹೋಯಿತು.

ಮನೆಗೆ ಮರಳುವಾಗ ಕಾರು ಮುಶೈರಿಬ್ ಬಡಾವಣೆ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ಯಾರಿಗೆ ಹೆದರಿ ಹಾಡ್ತಿ ನೀನು? ಬಾಯಿ ಬಿಟ್ಟು ಹಾಡ್ಲಿಕ್ಕೆ ಏನು ಕಷ್ಟ? ಎಲ್ಲ ಆ ಲೋ-ಫೈ ಕೇಳಿ ಆದದ್ದು. ಇವತ್ತಿಗೆ ಅದು ಖಲಾಸ್."

ಹಿಂದಿನ ಸೀಟಿನಿಂದ ಮಗಳು ಹೇಳಿದಳು, "ಲೋ-ಫೈಯಿಂದ ಅಲ್ಲ ಪಪ್ಪ. ನಾನು ಪ್ರಾಕ್ಟೀಸ್ ಮಾಡುವಾಗ ನೀವು ಮಲಗಿರ್ತೀರಲ್ಲ. ಸಣ್ಣದಿರುವಾಗಿಂದ ಹಾಗೇ ಅಭ್ಯಾಸ. ಆ ಹಾಡುಗಳಲ್ಲಿ ಮಾತ್ರ ಎಲ್ಲರೂ ನನ್ನ ಹಾಗೆ ಹಾಡ್ತಾರೆ."

ಪಕ್ಕದಲ್ಲಿದ್ದ ಹೆಂಡತಿ ಕಿಟಕಿಯ ಕಡೆ ತಿರುಗಿದಳು.

ಬಿನ್ ಒಮ್ರಾನ್‌ನ ನಮ್ಮ ಫ್ಲ್ಯಾಟಿನಲ್ಲಿ ಹಾಲಿಗೂ ಬೆಡ್‌ರೂಮಿಗೂ ನಡುವೆ ಇರುವುದು ಹೆಸರಿಗೊಂದು ಗೋಡೆ. ನನಗೆ ನೈಟ್ ಶಿಫ್ಟ್ ಇದ್ದಷ್ಟು ದಿನ ಕುಕ್ಕರ್ ಸೀಟಿ ಹೊಡೆಯುವುದಿಲ್ಲ, ಡೋರ್‌ಬೆಲ್ಲಿನ ವಯರ್ ಕಿತ್ತಿಟ್ಟಿರುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆಂದು ಬಸ್ಸಿನಲ್ಲಿ ಜಂಬ ಕೊಚ್ಚಿದ್ದೇನೆ. ಆ ಮನೆಯೊಳಗೆ ಒಂದು ಮಗು ಹಾಡು ಕಲಿಯುತ್ತಿದೆ ಎಂಬುದು ಈ ದೊಡ್ಡ ಗಾಯಕನ ತಲೆಗೆ ಹೊಳೆಯಲಿಲ್ಲ. ಲೋ-ಫೈ ಮಾಡುವವರನ್ನು ಬೈದ ಬಾಯಿಂದಲೇ ನನ್ನನ್ನೂ ಬೈದುಕೊಂಡೆ.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಚ್ಚದೆ ಹಾಲಿನ ಮಧ್ಯೆ ನಿಂತು, "ಈಗ ಹಾಡು ಮಗಾ. ನಾನು ಎದ್ದೇ ಇದ್ದೇನಲ್ಲ" ಎಂದೆ.

ಅವಳು ಉಸಿರೆಳೆದುಕೊಂಡು ಶುರು ಮಾಡಿದಳು. ಮೊದಲ ಸಾಲಿನಲ್ಲಿ ದನಿ ತುಸು ಮೇಲೇರಿತು. ಎರಡನೆಯದರಲ್ಲಿ ತಾನಾಗಿಯೇ ಇಳಿಯಿತು. ಮತ್ತೆ ಪ್ರಯತ್ನಿಸಿದಳು, ಕೆಮ್ಮಿದಳು, ಅದೇ ಪಿಸುದನಿಗೆ ಮರಳಿದಳು.

ಹಾಡು ಕೇಳಿ ಹೆಂಡತಿ ಅಡುಗೆಮನೆಯಿಂದ ಬಂದಳು. ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನನ್ನ ಪಕ್ಕದಿಂದಲೇ ದಾಟಿ ಹೋಗಿ, ದಿನಾ ಮಾಡುವ ಹಾಗೆ ಬೆಡ್‌ರೂಮಿನ ಬಾಗಿಲನ್ನು ಸದ್ದಾಗದಂತೆ ಎಳೆದಳು. ಒಳಗೆ ಯಾರೂ ಮಲಗಿರಲಿಲ್ಲ.