ಜಠರದ ಲೋಳೆಪದರ ಮತ್ತು ನಮ್ಮ ಹುಳಿ ಮೇಡಂ

ಜಠರವು ತಾನೇ ಸ್ರವಿಸುವ ಆಮ್ಲಕ್ಕೆ ತಾನೇ ಏಕೆ ಜೀರ್ಣವಾಗಿ ಹೋಗುವುದಿಲ್ಲ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಮೂವತ್ತನಾಲ್ಕು ವರ್ಷ ಸವೆಸಿದವರು ನಮ್ಮ ಶರೀರಕ್ರಿಯಾ ವಿಭಾಗದಲ್ಲಿ ಒಬ್ಬರೇ. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಆ ಹಿರಿಯ ಪ್ರಾಧ್ಯಾಪಕಿಯನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಹುಳಿ ಮೇಡಂ ಎಂದೇ ಕರೆಯುತ್ತ ಬಂದಿದ್ದಾರೆ. ಅದು ಅವರ ಕಿವಿಗೆ ಬಿದ್ದಿಲ್ಲವೆಂದು ನಾವು ನಂಬಿದ್ದೆವು. ಒಂದು ದಿನ ನೋಡಿದರೆ ಅವರ ಚಹಾ ಲೋಟದ ಮೇಲೆ ಆ ಹೆಸರನ್ನು ಅವರೇ ಬರೆದು ಅಂಟಿಸಿಕೊಂಡಿದ್ದರು.

ಸೇವೆಗೆ ಸೇರಿದಾಗ ಅವರ ಪಾಲಿಗೆ ಬಂದದ್ದು ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ ಮತ್ತು ಕಾಲು ಅಲುಗಾಡುವ ಒಂದು ಮೇಜು. ಊಟದ ವಾಸನೆ ಮೂಗಿಗೆ ಬಡಿದೊಡನೆ ಮಿದುಳಿನಿಂದ ನರದ ಮೂಲಕ ಸುದ್ದಿ ಇಳಿಯುತ್ತದೆ, ಜಠರದ ಗೋಡೆಯ ಗ್ರಂಥಿಗಳು ಆಮ್ಲವನ್ನು ಹೊರಕ್ಕೆ ತಳ್ಳತೊಡಗುತ್ತವೆ. ಅದೇ ಗೋಡೆಯ ಮೇಲ್ಮೈ ಕೋಶಗಳು ಕ್ಷಾರ ಬೆರೆತ ಲೋಳೆಯನ್ನು ಹೊದ್ದುಕೊಂಡು, ಎರಡು ಮೂರು ಕೂದಲೆಳೆಯಷ್ಟೇ ದಪ್ಪದ ಆ ಪದರದೊಳಗೇ ಆಮ್ಲದ ಸೊಕ್ಕು ಮುರಿಯುತ್ತವೆ. ಇದನ್ನು ಅವರು ವಿವರಿಸುತ್ತಿದ್ದರೆ ಕೊನೆಯ ಬೆಂಚಿನವರೂ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಗ್ರಂಥಾಲಯದ ಅಟೆಂಡರ್ ಮಂಡಿನೋವಿಗೆಂದು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವುದನ್ನು ಕಂಡು, ಆ ಮಾತ್ರೆ ಇದೇ ಪದರವನ್ನು ತೆಳುವಾಗಿಸುತ್ತದೆಂದು ತಿಳಿಹೇಳಿ, ತಾವೇ ಆಸ್ಪತ್ರೆಗೆ ಕರೆದೊಯ್ದು ಸರದಿಯಲ್ಲಿ ನಿಂತವರು ಅವರು.

ನಾನು ಅವರ ಸಂಶೋಧನಾ ವಿದ್ಯಾರ್ಥಿಯಾದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ. ಕಸಾಯಿಖಾನೆಯಿಂದ ತಂದ ಹಂದಿಯ ಜಠರದ ಒಳಗೋಡೆಯ ಮೇಲೆ ಆಮ್ಲ ಸುರಿದು, ಗಾಜಿನ ಸೂಜಿಯನ್ನು ಎಳೆಯೆಳೆಯಾಗಿ ಇಳಿಸುತ್ತ ಎಲ್ಲಿ ಎಷ್ಟು ಹುಳಿಯಿದೆಯೆಂದು ಅಳೆಯುವುದು ನನ್ನ ಕೆಲಸ. ಗೋಡೆ ಹತ್ತಿರವಾದಂತೆ ಹುಳಿ ಇಳಿಯಬೇಕು. ನನ್ನ ಲೆಕ್ಕದಲ್ಲಿ ಗೋಡೆ ಮುಟ್ಟುವವರೆಗೂ ಹುಳಿಯೋ ಹುಳಿ. ಎಂಟು ತಿಂಗಳು ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಮೇಡಂ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ನನ್ನ ಕೈಯನ್ನೇ ನೋಡತೊಡಗಿದರು. ಅಮ್ಮ ಪಾತ್ರೆಯನ್ನು ಮೂರು ಸಲ ತೊಳೆಯದೆ ಒಲೆಗೆ ಇಡದ ಮನೆಯಲ್ಲಿ ಬೆಳೆದವನು ನಾನು. ಅಭ್ಯಾಸದಂತೆ ಜಠರದ ಒಳಗೋಡೆಗೆ ನೀರು ಹಾಯಿಸಿ, ಬಟ್ಟೆಯಿಂದ ನೀಟಾಗಿ ಒರೆಸಿದೆ.

“ಅದೇನಪ್ಪಾ ಒರೆಸ್ತಾ ಇದ್ದೀಯ?”

“ಲೋಳೆ ಮೇಡಂ. ಗಲೀಜಾಗಿತ್ತು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾವು ಅಳೀಬೇಕಾಗಿರೋದೇ ಅದನ್ನಲ್ವೇನಪ್ಪಾ.”

ನನ್ನ ನೋಂದಣಿಯ ಅವಧಿಯಲ್ಲಿ ಉಳಿದದ್ದು ಒಂದೇ ತಿಂಗಳು. ಅವಧಿ ವಿಸ್ತರಣೆ ಸಿಗದಿದ್ದರೆ ನಾನು ಬರಿಗೈಯಲ್ಲಿ ಮನೆಗೆ ಹೋಗಬೇಕಿತ್ತು. ವಿಸ್ತರಣೆ ಕೊಡುವ ಸಮಿತಿಯ ಮುಂದೆ ವಿಭಾಗದ ಮುಖ್ಯಸ್ಥರು ತಪ್ಪು ಯಾರದೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಎದ್ದು ನಿಂತು ಹೇಳಿದರು: “ನಂದೇ. ಒರೆಸಬಾರದು ಅಂತ ನಾನು ಬರೆದುಕೊಡಬೇಕಿತ್ತು, ಕೊಡಲಿಲ್ಲ.” ನನಗೆ ಐದು ತಿಂಗಳ ವಿಸ್ತರಣೆ ಸಿಕ್ಕಿತು. ಅವರ ಸೇವಾ ಪುಸ್ತಕದಲ್ಲಿ ಮಾರ್ಗದರ್ಶನದಲ್ಲಿ ಅಜಾಗರೂಕತೆ ಎಂಬ ಷರಾ ಬಿತ್ತು, ಆ ವರ್ಷ ಬರಬೇಕಿದ್ದ ಬಡ್ತಿ ಇನ್ನೊಬ್ಬರ ಪಾಲಾಯಿತು.

ಕಾರಿಡಾರಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನನಗೆ ಅವರು ಹೇಳಿದ್ದು ಇಷ್ಟೇ: “ಅಳೋದಿದ್ರೆ ಇವತ್ತೇ ಅತ್ತುಬಿಡು. ನಾಳೆ ಬೆಳಿಗ್ಗೆ ಆರಕ್ಕೆ ಕೆಲಸ ಇದೆ.” ಉಳಿದಿದ್ದ ಒಂದು, ಸಿಕ್ಕ ಐದು, ಆ ಆರು ತಿಂಗಳೂ ಅವರು ನನಗಿಂತ ಮೊದಲೇ ಬಂದು ಬಾಗಿಲು ತೆರೆದಿರುತ್ತಿದ್ದರು. ಸೂಜಿ ಲೋಳೆಯೊಳಗೆ ಇಳಿದಂತೆ ಹುಳಿ ಇಳಿಯುತ್ತ ಇಳಿಯುತ್ತ ಗೋಡೆಯ ಬಳಿ ಇಲ್ಲವೇ ಇಲ್ಲವೆನ್ನುವಷ್ಟಾದುದನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು.

ಇಲ್ಲಿ ಲೋಳೆಪದರಕ್ಕೂ ಮೇಡಂಗೂ ಒಂದು ಹೋಲಿಕೆ ಕೊಡಬಹುದಿತ್ತು. ಪ್ರಬಂಧಗಳಲ್ಲಿ ಹೋಲಿಕೆ ಕಂಡರೆ ಅವರು ಕೆಂಪು ಶಾಯಿಯಲ್ಲಿ ಹೊಡೆದು ಹಾಕುವವರು, ಆದ್ದರಿಂದ ಬಿಟ್ಟಿದ್ದೇನೆ. ಆದರೆ ಒಂದು ವಿಷಯ ಬಿಡಲಾರೆ. ಸಮಿತಿ ಮುಗಿದ ಸಂಜೆ ಪ್ರಯೋಗದ ಹಂತಗಳಿರುವ ನನ್ನ ವಿಧಾನದ ಪುಸ್ತಕ ತೆರೆದು ನೋಡಿದ್ದೆ. ಮೊದಲ ಪುಟದ ಮೂರನೆಯ ಸಾಲಿನಲ್ಲಿ, ಮೇಡಂ ಅಕ್ಷರದಲ್ಲಿ, ‘ಲೋಳೆಯನ್ನು ಒರೆಸಬೇಡಿ’ ಎಂದಿತ್ತು, ಅಡಿಗೆರೆ ಸಮೇತ. ಪುಟದ ಕೆಳಗೆ ‘ಓದಿದ್ದೇನೆ’ ಎಂದು ನನ್ನದೇ ಸಹಿ. ತೋರಿಸಲು ಓಡಿದಾಗ ಅವರು ಪುಸ್ತಕ ಮುಚ್ಚಿ, “ಇದು ನಮ್ಮಿಬ್ಬರಲ್ಲೇ ಇರ್ಲಿ” ಎಂದರು.

ಅವರ ನಿವೃತ್ತಿಗೆಂದು ನಾವು ತರುತ್ತಿರುವ ಈ ಅಭಿನಂದನಾ ಸಂಪುಟದ ಸುದ್ದಿ ತಿಳಿದಾಗಲೂ ಫೋನ್ ಮಾಡಿ ಅದನ್ನೇ ಹೇಳಿದರು. ಆ ಸಂಜೆಯಿಂದ ಅವರ ಒಂದು ಮಾತನ್ನೂ ಮೀರದವನು ಇಂದು ಮೀರುತ್ತಿದ್ದೇನೆ. ಆ ಪುಟದ ಪ್ರತಿಯನ್ನು ಅವರ ಸೇವಾ ಪುಸ್ತಕಕ್ಕೆ ಸೇರಿಸಿ ಷರಾ ತೆಗೆಯಬೇಕೆಂದು ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಆಗುವವರೆಗೆ ಬಿಡುವುದಿಲ್ಲ.

ಮೇಡಂ ನೂರು ಕಾಲ ಬಾಳಲಿ, ಅವರ ಕೈಯಲ್ಲಿ ಗಾಜಿನ ಸೂಜಿ ಎಂದೂ ನಡುಗದಿರಲಿ. ಇದನ್ನು ಓದಿ ನನ್ನನ್ನು ಬೈಯುವುದಿದ್ದರೆ ಇವತ್ತೇ ಬೈದುಬಿಡಲಿ. ನಾಳೆ ಬೆಳಿಗ್ಗೆ ಆರಕ್ಕೆ ಕೆಲಸವಿದೆ. ಈ ಸಲ ಬಾಗಿಲು ನಾನು ತೆರೆದಿರುತ್ತೇನೆ.