ಶಾಹೀನಳ ಪಾಸ್‌ವರ್ಡ್ ತಪ್ಪಾಗಿರಲಿಲ್ಲ

“ಲೋಂಡಾದ ಹುಡುಗಿ ಇದನ್ನ ಸ್ವಂತ ಮಾಡ್ಯಾಳಂದ್ರ, ಅದು ಆಗೂ ಮಾತೇ ಅಲ್ಲ” ಎಂದವರು ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಮುಖ್ಯಸ್ಥ ದೇಸಾಯಿಯವರು. ಪಕ್ಕಕ್ಕೆ ಕರೆದು ಹೇಳಿದ್ದಲ್ಲ, ಪರೀಕ್ಷೆಗೆ ಕುಳಿತ ಇಡೀ ಬ್ಯಾಚಿನ ಮುಂದೆ ಹೇಳಿದ್ದು.

ಅದು 2000ನೇ ಇಸವಿ. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದ ಆ ಕೇಂದ್ರದಲ್ಲಿ ನಾನು ಬೋಧಕ. ಹಲಸಿ ಎಂಬ ಹಳ್ಳಿಯ ಕುರಿ ಕಾಯುವ ಮನೆಯಿಂದ ಬಂದು ಪದವಿ ಪಡೆದ ಮೊದಲಿಗ. ಇಂಥ ಮಾತು ನನಗೆ ಹೊಸದಲ್ಲ; ಆದರೂ ಆ ದಿನ ಮೈ ಉರಿಯಿತು.

ಶಾಹೀನ ಖಾನಾಪುರ ತಾಲ್ಲೂಕಿನ ಲೋಂಡಾದಿಂದ ದಿನಾ ರೈಲಿನಲ್ಲಿ ಬರುತ್ತಿದ್ದಳು. ಅಲ್ಲಿನ ಸ್ಟೇಶನ್ನಿನಲ್ಲಿ ಚಹಾ ಮಾರುವ ಸೋದರಮಾವ ಅವಳನ್ನು ಓದಿಸುತ್ತಿದ್ದರು. ಗೋವಾ ಕಡೆಯ, ಹುಬ್ಬಳ್ಳಿ ಕಡೆಯ ಗಾಡಿಗಳನ್ನು ಎಕ್ಸೆಲ್‌ನಲ್ಲಿ ಹೊಂದಿಸಿ, ಒಂದು ತಡವಾದರೆ ಯಾವುದು ತಪ್ಪುತ್ತದೆ ಎಂದು ತೋರಿಸುವ ಹಾಳೆ ಅವಳ ಪ್ರಾಜೆಕ್ಟ್. ಯಾರೂ ನಕಲು ಮಾಡಬಾರದೆಂದು ಅದಕ್ಕೆ ಪಾಸ್‌ವರ್ಡ್ ಹಾಕಿದ್ದಳು. ಖಾನಾಪುರದ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ನಿಗದಿಯಾಗಿತ್ತು. ಸರ್ಟಿಫಿಕೇಟ್ ತೋರಿಸುವುದೊಂದೇ ಬಾಕಿ.

ಪರೀಕ್ಷೆಯ ದಿನ ಅವಳಿಗೆ ಸಿಕ್ಕಿದ್ದು ಮೂಲೆಯ ಕಂಪ್ಯೂಟರ್. ಅದೇ ವಾರ ಅದಕ್ಕೆ ಹೊಸದಾಗಿ ವಿಂಡೋಸ್ ಹಾಕಲಾಗಿತ್ತು. ಫ್ಲಾಪಿ ಹಾಕಿ ಪಾಸ್‌ವರ್ಡ್ ಕೊಟ್ಟಳು. ತಪ್ಪು ಎಂದಿತು. ಮತ್ತೆ ಕೊಟ್ಟಳು. ಮತ್ತೆ ತಪ್ಪು.

“ಸ್ವಂತ ಮನಿ ಕೀಲಿ ಯಾರರ ಮರೀತಾರೇನು?” ದೇಸಾಯಿ ನಕ್ಕರು. “ಕದ್ದ ಮಾಲು ಇದು. ಏಳವಾ, ಮನಿಗೆ ನಡಿ.”

“ಕದ್ದಿಲ್ರೀ ಸರ್. ಇದೇ ಪಾಸ್‌ವರ್ಡ್ ಐತಿ. ಬೇಕಾದ್ರ ಎಲ್ಲಾರ ಮುಂದ ಒತ್ತಿ ತೋರಸ್ತೀನಿ.”

ಆ ಮಾತಿನಿಂದಲೇ ನನಗೆ ಹೊಳೆಯಿತು. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಅಕ್ಷರದ ಬದಲು ಬರೀ ಚುಕ್ಕಿಗಳು ಕಾಣುತ್ತವೆ. ಒತ್ತಿದ್ದೇನು, ಮೂಡಿದ್ದೇನು ಎಂದು ಯಾರಿಗೂ ತಿಳಿಯದು. ನೋಟ್‌ಪ್ಯಾಡ್ ತೆರೆದು, “ಇಲ್ಲಿ ಒತ್ತವಾ” ಎಂದೆ. ಅವಳ ಪಾಸ್‌ವರ್ಡಿನಲ್ಲಿ @ ಚಿಹ್ನೆಯಿತ್ತು. ಶಿಫ್ಟ್ ಹಿಡಿದು 2 ಒತ್ತಿದಳು. ತೆರೆಯ ಮೇಲೆ @ ಬರಲಿಲ್ಲ, ಉದ್ಧರಣ ಚಿಹ್ನೆ " ಬಂತು.

ಅಮೆರಿಕದ ಕೀಬೋರ್ಡ್ ವಿನ್ಯಾಸದಲ್ಲಿ ಆ ಕೀಲಿಗೆ @ ಬರುತ್ತದೆ, ಬ್ರಿಟನ್ನಿನ ವಿನ್ಯಾಸದಲ್ಲಿ ಉದ್ಧರಣ ಚಿಹ್ನೆ. ವಿಂಡೋಸ್ ಹಾಕಿದವರು ಬ್ರಿಟನ್ನಿನ ಇಂಗ್ಲಿಷ್ ಆರಿಸಿಬಿಟ್ಟಿದ್ದರು, ಅಷ್ಟೆ. ಫ್ಲಾಪಿಯನ್ನು ಬಾಜು ಕಂಪ್ಯೂಟರಿಗೆ ಒಯ್ದರೆ ಕೂಡಲೇ ತೆರೆಯುತ್ತಿತ್ತು. ನಾನು ಒಯ್ಯಲಿಲ್ಲ. ಕಳ್ಳಿ ಅನ್ನಿಸಿಕೊಂಡ ಜಾಗದಲ್ಲೇ ಅದು ತೆರೆಯಬೇಕಿತ್ತು. ಕಂಟ್ರೋಲ್ ಪ್ಯಾನೆಲ್, ಕೀಬೋರ್ಡ್, ಲ್ಯಾಂಗ್ವೇಜ್. ಬ್ರಿಟನ್ ತೆಗೆದು ಅಮೆರಿಕ ಇಟ್ಟೆ.

“ಈಗ ಒತ್ತು.”

ಹಾಳೆ ತೆರೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ದೇಸಾಯಿ ಗಡಿಯಾರ ನೋಡಿ, “ಸೆಟಿಂಗ್ ತಪ್ಪಿತ್ತು, ಮುಗೀತಲ್ಲ” ಎಂದರು. ಮುಗಿದದ್ದು ಅವರಿಗೆ! ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕಂಪ್ಯೂಟರ್ ಕೆಟ್ಟರೆ ಕಾರಣ ಹುಡುಕುವ ಜನ, ಬಡವರ ಮಕ್ಕಳು ಎಡವಿದರೆ ಕಾರಣ ಹುಡುಕುವುದಿಲ್ಲ, ನೇರ ತೀರ್ಪೇ ಕೊಡುತ್ತಾರೆ. ನಾನು ಇಂದಿಗೂ ಮೊದಲು ಕಂಪ್ಯೂಟರನ್ನೇ ಶಂಕಿಸುತ್ತೇನೆ.

ಫಲಿತಾಂಶ ಬಂತು, ಶಾಹೀನ ಪಾಸು. ಸರ್ಟಿಫಿಕೇಟ್ ಕೊಡಲು ದೇಸಾಯಿ ಅವಳನ್ನೂ ಸೋದರಮಾವನನ್ನೂ ತಮ್ಮ ಕೋಣೆಗೆ ಕರೆದರು. ನನಗೂ ಬರಹೇಳಿ, ಬಾಗಿಲು ಮುಚ್ಚಿ, ಕಾಗದ ಅವಳ ಕೈಗಿಟ್ಟರು. ಮಾವ ಅದನ್ನು ಒಮ್ಮೆ ನೋಡಿದರು, ಬಾಗಿಲನ್ನೊಮ್ಮೆ ನೋಡಿದರು.

“ಸಾಹೇಬ್ರ, ಕಳ್ಳಿ ಅಂದದ್ದು ಎಲ್ಲಾರ ಮುಂದ. ಇದನ್ನ ಯಾಕ್ರೀ ಬಾಗಲಾ ಹಾಕ್ಕೊಂಡು ಕೊಡ್ತೀರಿ? ಹೊರಗ ಬರ್ರಿ, ಅಲ್ಲೇ ಕೊಡೀರಂತ.”